ಮನವೊಲಿಸುವ ಬರಹವನ್ನು ಓದುವ ಬಗೆ



ಚುನಾವಣೆ ಬಂತೆಂದರೆ ನಿಮ್ಮ ಮನೆಬಾಗಿಲಿಗೆ ಕರಪತ್ರಗಳು ಬರುತ್ತವೆ. ಅವು ನಿಮ್ಮನ್ನು ಒಲಿಸಿಕೊಳ್ಳುವುದು ಹೇಗೆ? ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಮೂರು ದಾರಿಗಳನ್ನು ಗುರುತಿಸಿದ್ದಾನೆ: ಹೇಳುವವನ ಮೇಲಿನ ವಿಶ್ವಾಸ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಎಥೋಸ್, ಪೇಥೋಸ್, ಲೋಗೋಸ್ ಎಂದು ಬಾಯಿಪಾಠ ಮಾಡಿದರೆ ಪರೀಕ್ಷೆಗಾಯಿತು, ಅಷ್ಟೇ. ನಾವು ಒಂದು ಬರಹವನ್ನೇ ಎದುರಿಗಿಟ್ಟುಕೊಂಡು ನೋಡೋಣ.

1963ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಒಂದು ಪತ್ರ ಬರೆದರು. ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟು ಅವರು ಬಂಧಿತರಾಗಿದ್ದರು. ಈ ಚಳವಳಿ ಅವಿವೇಕದ್ದು, ಇದಕ್ಕಿದು ಕಾಲವಲ್ಲ, ಹೊರಗಿನವರು ನಡೆಸುತ್ತಿದ್ದಾರೆ ಎಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದ್ದರು. ಪತ್ರ ಅದಕ್ಕೆ ಉತ್ತರ.

ಕಿಂಗ್ ಮೊದಲು ತಾವು ಯಾರೆಂದು ತಿಳಿಸುತ್ತಾರೆ. ದಕ್ಷಿಣದ ಎಲ್ಲ ರಾಜ್ಯಗಳಲ್ಲಿ ದುಡಿಯುವ ಸಂಸ್ಥೆಯೊಂದರ ಅಧ್ಯಕ್ಷ, ಇಲ್ಲಿನವರೇ ಕರೆದದ್ದಕ್ಕೆ ಬಂದವನು. 'ಹೊರಗಿನವನು' ಎಂಬ ಮಾತಿಗೆ ಅಲ್ಲೇ ಉತ್ತರವಾಯಿತು. ಮುಂದೆ ಸಂತ ಆಗಸ್ಟೀನ್, ಅಕ್ವೈನಾಸ್ ಜೊತೆಗೆ ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಹೆಸರನ್ನೂ ಎತ್ತುತ್ತಾರೆ. ಆ ಎಂಟು ಮಂದಿಯಲ್ಲಿ ಒಬ್ಬರು ಯಹೂದಿ ಗುರು ಎಂಬುದನ್ನು ಗಮನಿಸಿ.

'ಸ್ವಲ್ಪ ಕಾಯಿರಿ' ಎಂಬ ಉಪದೇಶಕ್ಕೆ ಕೊಟ್ಟ ಉತ್ತರವನ್ನಂತೂ ನೀವು ಮೂಲದಲ್ಲೇ ಓದಬೇಕು. ಮುನ್ನೂರು ಪದಗಳನ್ನೂ ಮೀರಿದ ಒಂದೇ ವಾಕ್ಯ! ಅನುಭವಿಸಿದ ಅವಮಾನಗಳು ಒಂದರ ಹಿಂದೆ ಒಂದು ಬರುತ್ತವೆ. ಮನೋರಂಜನಾ ಪಾರ್ಕಿಗೆ ಕಪ್ಪು ಮಕ್ಕಳನ್ನು ಬಿಡುವುದಿಲ್ಲವೆಂದು ಆರು ವರ್ಷದ ಮಗಳಿಗೆ ಹೇಳಲಾಗದೆ ತೊದಲುವ ತಂದೆಯೂ ಅಲ್ಲಿದ್ದಾನೆ. ವಾಕ್ಯ ಮುಗಿಯುವುದೇ ಇಲ್ಲ, ಓದುವವನೂ ಕಾಯಬೇಕು.

ಇದು ಭಾವನೆಯ ದಾರಿ. ಹಾಗಾದರೆ ಇದು ಮರುಳು ಮಾಡುವ ಮಾತೇ? ಆ ಮಗಳನ್ನು ಪತ್ರದಿಂದ ತೆಗೆದು ನೋಡಿ, ಏನು ಉಳಿಯುತ್ತದೆ? ಅವಮಾನದ ಫಲಕಗಳನ್ನು ತೆಗೆಯುತ್ತೇವೆಂದು ಅಂಗಡಿಯವರು ಕೊಟ್ಟ ಮಾತು ಮುರಿದದ್ದು ಉಳಿಯುತ್ತದೆ. ಬಹುಸಂಖ್ಯಾತರು ತಮಗೆ ಅನ್ವಯಿಸಿಕೊಳ್ಳದೆ ಅಲ್ಪಸಂಖ್ಯಾತರ ಮೇಲೆ ಹೇರಿದ ಕಾನೂನು ಹೇಗೆ ನ್ಯಾಯವಾದೀತು ಎಂಬ ವಾದ ಉಳಿಯುತ್ತದೆ. ಕಪ್ಪು ಜನರೇ ಹೆಚ್ಚಿರುವ ಕೆಲವು ಜಿಲ್ಲೆಗಳಲ್ಲಿ ಅವರ ಒಬ್ಬನ ಹೆಸರೂ ಮತದಾರರ ಪಟ್ಟಿಯಲ್ಲಿಲ್ಲ ಎಂಬ ಸಾಕ್ಷ್ಯವೂ ಉಳಿಯುತ್ತದೆ. ಇದೇ ಪರೀಕ್ಷೆಯನ್ನು ನಮ್ಮ ಊರಿನ ಕರಪತ್ರಕ್ಕೆ ಮಾಡಿದರೆ ಎಷ್ಟೋ ಸಲ ಅಭ್ಯರ್ಥಿಯ ಭಾವಚಿತ್ರವೊಂದೇ ಉಳಿದೀತು.

ಇನ್ನೊಂದು ಗುರುತು ಇದೆ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂಬ 1954ರ ಸುಪ್ರೀಂ ಕೋರ್ಟ್ ತೀರ್ಪನ್ನು ಪಾಲಿಸಿರೆನ್ನುವ ನೀವೇ ಕಾನೂನು ಮುರಿಯಬಹುದೇ? ಎದುರಾಳಿಗಳ ಈ ಗಟ್ಟಿ ಪ್ರಶ್ನೆಯನ್ನು ಕಿಂಗ್ ತಾವೇ ಎತ್ತುತ್ತಾರೆ. ಅನ್ಯಾಯದ ಕಾನೂನನ್ನು ಮುರಿಯುವವನು ಬಹಿರಂಗವಾಗಿ ಮುರಿಯಬೇಕು, ಶಿಕ್ಷೆಗೆ ಸಿದ್ಧನಿರಬೇಕು ಎಂಬುದು ಅವರ ಉತ್ತರ. ಅದನ್ನು ಬರೆಯುವಾಗ ಅವರು ಜೈಲಿನಲ್ಲಿದ್ದರು.