ಅಡುಗೆಮನೆಯ ಹೊಗೆ, ಕೂಸಿನ ಉಸಿರು



ನಾವು ಚಿಕ್ಕವರಿದ್ದಾಗ ಸಂಸ್ಕೃತ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದೆವು. ಅನುಮಾನ ಪ್ರಮಾಣವನ್ನು ತಿಳಿಸಲು ಅಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಆದುದರಿಂದ ಅಲ್ಲಿ ಬೆಂಕಿ ಇರಲೇಬೇಕು. ಇದಕ್ಕೆ ದೃಷ್ಟಾಂತ ಯಾವುದು? ಅಡುಗೆಮನೆ. ಹೊಗೆಯಿರುವಲ್ಲಿ ಬೆಂಕಿಯಿರುವುದನ್ನು ಎಲ್ಲರೂ ಅಲ್ಲಿ ಕಂಡಿದ್ದಾರಲ್ಲವೇ! ಈ ಪಾಠವನ್ನು ನಾವು ಗುರುಗಳಿಗೆ ಒಪ್ಪಿಸಿದ್ದೇವೆ, ಮುಂದೆ ಮಠದ ವಟುಗಳಿಗೆ ಹೇಳಿಯೂ ಕೊಟ್ಟಿದ್ದೇವೆ. ಆದರೆ ಆ ಅಡುಗೆಮನೆಯಲ್ಲಿ ಹೊಗೆ ಕುಡಿಯುತ್ತ ಕುಳಿತವರು ಯಾರು ಎಂದು ಇಷ್ಟು ವರ್ಷ ನಾವು ಕೇಳಲಿಲ್ಲ.

ಆ ಪ್ರಶ್ನೆ ನಮಗೆ ಬಂದದ್ದು ನಮ್ಮ ಮಠದ ದಾಸೋಹದ ಮನೆಯಿಂದಲೇ. ಅಲ್ಲಿ ರೊಟ್ಟಿ ಬಡಿಯುವ ತಾಯಿಯೊಬ್ಬರು ತಮ್ಮ ಏಳು ತಿಂಗಳ ಮೊಮ್ಮಗನನ್ನು ಒಲೆಯ ಸಮೀಪದಲ್ಲೇ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಮಳೆಗಾಲ. ಹತ್ತಿಕಟ್ಟಿಗೆ ಹಸಿ, ಕುಳ್ಳು ಹಸಿ. ನೀರು ಸುರಿಯುತ್ತದೆಂದು ಬೆಳಕಿಂಡಿಯನ್ನೂ ಮುಚ್ಚಿತ್ತು. ಕೂಸಿಗೆ ನೆಗಡಿಯಾಯಿತು, ಜ್ವರ ಬಂತು. ಅದನ್ನೆತ್ತಿಕೊಂಡು ನಮ್ಮ ಬಳಿಗೆ ಬಂದು, "ನೆದರಾಗೇತ್ರೀ ಅಜ್ಜಾರ" ಎಂದರು. ನಾವು ವಿಭೂತಿ ಹಚ್ಚಿ, ಹರಸಿ ಕಳಿಸಿದೆವು. ವಿಭೂತಿ ಹಚ್ಚಿದ್ದು ತಪ್ಪಲ್ಲ. "ಇಲ್ಲಿಂದ ನೆಟ್ಟಗೆ ದವಾಖಾನೆಗೆ ಹೋಗಿರಿ" ಎಂದು ಹೇಳದಿದ್ದದ್ದು ತಪ್ಪು. ಮೂರನೆಯ ರಾತ್ರಿ ಕೂಸು ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗಡೆ ಒಳಕ್ಕೆ ಗುಳಿ ಬೀಳುತ್ತಿತ್ತು. ಮಠದ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ದರು. ಒಂಬತ್ತು ದಿವಸ ಆಮ್ಲಜನಕದ ನಳಿಕೆಯ ಮೇಲಿದ್ದು ಅದು ಉಳಿಯಿತು. ವೈದ್ಯರು ಕೇಳಿದ್ದು ಒಂದೇ ಮಾತು: "ಹಗಲೆಲ್ಲ ಈ ಮಗು ಎಲ್ಲಿ ಮಲಗುತ್ತದೆ?" ಅಜ್ಜಿ ಇದ್ದದ್ದನ್ನು ಹೇಳಿದರು. ಮಗ್ಗುಲಲ್ಲಿ ನಿಂತಿದ್ದ ನಾವು ತಲೆ ತಗ್ಗಿಸಿದೆವು.

ಈ ರೋಗಕ್ಕೆ ನ್ಯುಮೋನಿಯಾ ಎನ್ನುತ್ತಾರೆ. ರೋಗವನ್ನು ತರುವುದು ಸೂಕ್ಷ್ಮಜೀವಿ, ಹೊಗೆಯಲ್ಲ. ಹಾಗಾದರೆ ಹೊಗೆಯ ಪಾಲು ಏನು? ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ಧೂಳನ್ನೂ ಕ್ರಿಮಿಯನ್ನೂ ಲೋಳೆಯೊಡನೆ ಅವು ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ಇನ್ನೂ ಒಳಗೆ, ಗಾಳಿಯ ಚೀಲಗಳಲ್ಲಿ, ಕ್ರಿಮಿಗಳನ್ನು ನುಂಗುವ ಕಾವಲು ಕಣಗಳಿವೆ. ಹೊಗೆ ಆ ಕಸಬರಿಗೆಯನ್ನು ಮೊಂಡು ಮಾಡುತ್ತದೆ, ಕಾವಲುಗಾರನನ್ನು ಮಂಕು ಮಾಡುತ್ತದೆ. ಕೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಸಣ್ಣ ಕಣಗಳು ಅದರಲ್ಲಿರುತ್ತವೆ. ಅವು ಆಳಕ್ಕೆ ಇಳಿಯುತ್ತವೆ. ಕೂಸು ನಮಗಿಂತ ಬೇಗ ಬೇಗ ಉಸಿರಾಡುತ್ತದೆ. ಅದರ ತೂಕಕ್ಕೆ ಹೋಲಿಸಿದರೆ ಅದು ಕುಡಿಯುವ ಹೊಗೆ ನಮ್ಮ ಪಾಲಿಗಿಂತ ಹೆಚ್ಚು.

2019ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಏಳು ಲಕ್ಷ ನಲವತ್ತು ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಹೋದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಈ ವಯಸ್ಸಿನ 2,37,000ಕ್ಕೂ ಹೆಚ್ಚು ಮಕ್ಕಳು ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಗಾದರೆ ಒಲೆಯನ್ನು ಬದಲಿಸಿದರೆ ಸಾಕೇ? ಇಲ್ಲಿ ಅವಸರ ಸಲ್ಲದು. ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದ ಆರಂಭದಲ್ಲಿಯೇ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಣ್ಣುಮಕ್ಕಳು ಕುಡಿಯುವ ಹೊಗೆಯನ್ನು ಅಳೆದವರು. ಮುಂದೆ ಅವರೂ ಸಂಗಡಿಗರೂ ಗ್ವಾಟೆಮಾಲಾ ದೇಶದ ಬೆಟ್ಟದೂರುಗಳಲ್ಲಿ ಕೆಲವು ಮನೆಗಳಿಗೆ ಹೊಗೆಕೊಳವೆಯ ಒಲೆ ಹಾಕಿಸಿ, ಉಳಿದವನ್ನು ಇದ್ದಂತೆಯೇ ಬಿಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಫಲ ಇದು: ಮಕ್ಕಳಿಗೆ ತಗಲುವ ಹೊಗೆ ಅರ್ಧಕ್ಕೆ ಇಳಿಯಿತು, ತೀವ್ರವಾದ ನ್ಯುಮೋನಿಯಾ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಆದರೆ ಆಫ್ರಿಕದ ಮಲಾವಿಯಲ್ಲಿ ಸುಧಾರಿಸಿದ ಒಲೆ ಕೊಟ್ಟರೂ ಪ್ರಯೋಜನ ಕಾಣಲಿಲ್ಲವೆಂದು 2017ರಲ್ಲಿ ತಿಳಿಯಿತು. ಅಲ್ಲಿ ಕಸ ಸುಡುವ ಹೊಗೆ, ತಂಬಾಕಿನ ಹೊಗೆ ಇದ್ದೇ ಇದ್ದವು. ಓಣಿಯಲ್ಲಿ ಒಬ್ಬರು ಒಲೆ ಬದಲಿಸಿ ಹತ್ತು ಜನ ಕಸಕ್ಕೆ ಬೆಂಕಿಯಿಟ್ಟರೆ ಕೂಸಿನ ಎದೆಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮಲ್ಲೂ ಪ್ರಯತ್ನಗಳಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ವಿಭಾಗದವರು ಹೊಗೆಕೊಳವೆಯ ಅಸ್ತ್ರ ಒಲೆಯನ್ನು ಮಾಡಿದರು. ನಮ್ಮ ಮಠದಲ್ಲೂ ಹಿರಿಯ ಗುರುಗಳು ಅದನ್ನು ಹಾಕಿಸಿದ್ದರು. ಕೊಳವೆಯಲ್ಲಿ ಕಾಡಿಗೆ ಕಟ್ಟಿತು, ತೆಗೆಯುವವರಿಲ್ಲ. ಕೊನೆಗೆ ಒಡೆದು ಮತ್ತೆ ಮೂರು ಕಲ್ಲು ಹೂಡಿದರು! 2016ರಲ್ಲಿ ಉಜ್ವಲಾ ಯೋಜನೆ ಬಂತು. ನಾವು ಭಕ್ತರ ಮನೆಗೆ ಪಾದಪೂಜೆಗೆ ಹೋದಾಗ ಕಾಣುತ್ತೇವೆ, ಸಿಲಿಂಡರಿಗೆ ಕುಂಕುಮ ಹಚ್ಚಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಸ್ವಾಮಿಗಳು ಬಂದರೆ ಅದರ ಮೇಲೆ ಹಾಲು ಕಾಯುತ್ತದೆ, ದಿನದ ರೊಟ್ಟಿ ಕಟ್ಟಿಗೆಯ ಮೇಲೆಯೇ. ಮತ್ತೆ ತುಂಬಿಸಲು ರೊಕ್ಕ ಬೇಕಲ್ಲ ಎನ್ನುತ್ತಾರೆ ತಾಯಂದಿರು. ಅದು ನಿಜ. ಆದರೆ ಆ ರೊಕ್ಕ ಯಾರ ಕೈಯಲ್ಲಿದೆ, ಅದು ಬೀಡಿಗೆ ಎಷ್ಟು ಹೋಗುತ್ತದೆ ಎಂದು ಹಿಂದೆ ಕುಳಿತ ಗಂಡಸರನ್ನು ನಾವು ಕೇಳುತ್ತೇವೆ. ಬೀಡಿಯ ಹೊಗೆಯೂ ಆ ಕೂಸಿನ ಮೂಗಿಗೇ ಹೋಗುತ್ತದೆ.

ಈ ವರ್ಷ ಜಾತ್ರೆಯಲ್ಲಿ ಮದ್ದು ಸುಡುವುದಿಲ್ಲ. ಆ ಹಣದಿಂದ ದಾಸೋಹದ ಮನೆಯಲ್ಲಿ ರೊಟ್ಟಿಗೆ ಗ್ಯಾಸಿನ ಒಲೆ, ಅನ್ನದ ಕೊಪ್ಪರಿಗೆಗೆ ಎತ್ತರದ ಹೊಗೆಕೊಳವೆ ಮಾಡಿಸುತ್ತಿದ್ದೇವೆ. ಕೊಳವೆಯನ್ನು ಪ್ರತಿ ಅಮಾವಾಸ್ಯೆಯ ಮರುದಿನ ತೆಗೆಯಬೇಕು. ಅದು ವಟುಗಳ ಪಾಳಿ.

ನ್ಯುಮೋನಿಯಾದ ಒಂದು ಮುಖ್ಯ ಕ್ರಿಮಿಯನ್ನು ತಡೆಯುವ ಲಸಿಕೆ 2021ರಿಂದ ದೇಶದಲ್ಲೆಲ್ಲ ಸರಕಾರದ ವತಿಯಿಂದ ಉಚಿತವಾಗಿದೆ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಹೀಗೆ ಮೂರು ಸಲ. ತಪ್ಪಿಸಬಾರದು. ಕೆಮ್ಮು ಬಂದ ಕೂಸಿನ ಹೊಟ್ಟೆಗೆ ಬರೆ ಹಾಕಬಾರದು. ಅದು ಅಳದೆ ಇರುವಾಗ ಅಂಗಿ ಸರಿಸಿ ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು, ವರ್ಷದೊಳಗಿನದಕ್ಕೆ ಐವತ್ತು, ಐದು ವರ್ಷದೊಳಗಿನದಕ್ಕೆ ನಲವತ್ತು. ಅಷ್ಟಾದರೆ ಅಥವಾ ಅದಕ್ಕೂ ಮೀರಿದರೆ ದವಾಖಾನೆಗೆ ಒಯ್ಯಬೇಕು. ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಮೊಲೆ ಕುಡಿಯದಿದ್ದರೆ ಎಣಿಸುತ್ತ ಕೂಡಬಾರದು, ಹೊರಟುಬಿಡಬೇಕು. ಮಠದ ಜೀಪು ರಾತ್ರಿಯೂ ಇರುತ್ತದೆ. ನಮ್ಮನ್ನು ಎಬ್ಬಿಸಲು ಸಂಕೋಚ ಬೇಡ.

ಈಗ ಪ್ರಸಾದಕ್ಕೆ ಏಳುವ ಮೊದಲು ಕೂಸುಗಳಿರುವ ತಾಯಂದಿರು ಬಲಗಡೆಯ ಪಡಸಾಲೆಗೆ ಬರಬೇಕು. ಉಪಕೇಂದ್ರದ ಸಿಸ್ಟರ್ ಗಡಿಯಾರ ಹಿಡಿದು ಕುಳಿತಿದ್ದಾರೆ. ದಾಸೋಹದ ಮನೆಯ ಆ ಕೂಸೂ ಬಂದಿದೆ, ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿದೆ. ಅದರ ಉಸಿರನ್ನೇ ಮೊದಲು ಎಣಿಸೋಣ.