ಕಾಗದದಲ್ಲಿ ಆದ ಕೆಲಸ, ವಿಮಾನದಲ್ಲಿ ಆಗದ ಕೆಲಸ

(ನಮ್ಮ ವೇದಿಕೆಯ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಪ್ರತಿ ಕೂಟದಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಕೆಲಸದ ಬಗ್ಗೆ ಮಾತಾಡಬೇಕು ಅಂತ ಕಮಿಟಿಯವರು ಗೊತ್ತು ಮಾಡಿದ್ದಾರೆ. ಈ ಸಲ ನನ್ನ ಸರದಿ. ನಾನು ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ನಲ್ಲಿ ಮೆಕ್ಯಾನಿಕ್. ಊರಿಗೆ ಹೋದಾಗ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಒಂದು, "ಟಿಕೆಟ್ ಕಡಿಮೆಗೆ ಮಾಡಿಸಿಕೊಡ್ತೀಯೇನೋ?" ಅಂತ. ಇನ್ನೊಂದು, "ವಿಮಾನ ಹತ್ತೋಕೆ ಭಯ ಆಗುತ್ತೆ, ನಿಜ ಹೇಳು, ಅದು ಎಷ್ಟು ಗಟ್ಟಿ?" ಅಂತ. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೆಯದಕ್ಕೆ ಇವತ್ತು ಸ್ವಲ್ಪ ಹೇಳ್ತೀನಿ.

2025ರ ನವೆಂಬರ್ ಕೊನೆಯ ಶುಕ್ರವಾರ ನಿಮಗೆ ನೆನಪಿರಬಹುದು. ಏರ್‌ಬಸ್ ಎ320 ಜಾತಿಯ ಸುಮಾರು 6,000 ವಿಮಾನಗಳನ್ನು ಸರಿಮಾಡದೆ ಹಾರಿಸಬಾರದು ಅಂತ ಸುದ್ದಿ ಬಂತು. ಭಾರತದಲ್ಲೇ ಅಂಥವು ಮುನ್ನೂರಕ್ಕೂ ಹೆಚ್ಚು ಇದ್ದವು. ಅಮೆರಿಕದ ಕಡೆ ಅಕ್ಟೋಬರ್ 30ರಂದು ಒಂದು ವಿಮಾನ ಇದ್ದಕ್ಕಿದ್ದ ಹಾಗೆ ಮೂಗು ಕೆಳಗೆ ಮಾಡಿತ್ತು. ಹುಡುಕಿದಾಗ, ಸೂರ್ಯನಿಂದ ಬರುವ ತೀವ್ರ ವಿಕಿರಣಕ್ಕೆ ಒಂದು ಕಂಪ್ಯೂಟರಿನ ಒಳಗಿನ ಮಾಹಿತಿ ಕೆಡಬಹುದು ಅಂತ ಕಂಡಿತು. ಹೆಚ್ಚಿನ ವಿಮಾನಗಳಿಗೆ ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿದರೆ ಸಾಕಿತ್ತು. ಎರಡು ಮೂರು ಗಂಟೆಯ ಕೆಲಸ. ಕೆಲವು ಹಳೆಯವಕ್ಕೆ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಜಗತ್ತಿನ ಎಷ್ಟೋ ಹ್ಯಾಂಗರ್‌ಗಳಲ್ಲಿ ಆ ವಾರದ ಕೊನೆ ಯಾರೂ ನಿದ್ದೆ ಮಾಡಲಿಲ್ಲ.

ಹಾಗೆ ಮಾಡಿಸಿದ್ದು ಒಂದು ಕಾಗದ. ಅದರ ಹೆಸರು ಏರ್‌ವರ್ದಿನೆಸ್ ಡೈರೆಕ್ಟಿವ್. ನಾವು ಕೆಲಸದಲ್ಲಿ 'ಏಡಿ' ಅಂತೀವಿ. ವಿಮಾನದ ಯಾವುದಾದರೂ ಭಾಗದಲ್ಲಿ ಅಪಾಯದ ದೋಷ ಇದೆ, ಅದೇ ಮಾದರಿಯ ಬೇರೆ ವಿಮಾನಗಳಲ್ಲೂ ಇರಬಹುದು ಅಂತ ಗೊತ್ತಾದರೆ ಸರ್ಕಾರದ ವಿಮಾನಯಾನ ಇಲಾಖೆ ಹೊರಡಿಸುವ ಕಡ್ಡಾಯದ ಆದೇಶ ಅದು. ಅಮೆರಿಕದಲ್ಲಿ ಎಫ್‌ಎಎ, ಯುರೋಪಿನಲ್ಲಿ ಇಎಎಸ್‌ಎ, ನಮ್ಮ ದೇಶದಲ್ಲಿ ಡಿಜಿಸಿಎ, ಇಲ್ಲಿ ಯುಎಇಯಲ್ಲಿ ಜಿಸಿಎಎ ಇದನ್ನು ನೋಡಿಕೊಳ್ಳುತ್ತವೆ. ದೋಷ ಏನು, ಯಾವ ಯಾವ ನಂಬರಿನ ವಿಮಾನಕ್ಕೆ ಅನ್ವಯ, ಏನು ಮಾಡಬೇಕು, ಎಷ್ಟು ಗಂಟೆ ಹಾರುವುದರೊಳಗೆ ಅಥವಾ ಎಷ್ಟು ದಿನದೊಳಗೆ ಮಾಡಬೇಕು, ಎಲ್ಲವೂ ಅದರಲ್ಲಿ ಬರೆದಿರುತ್ತೆ. ತುರ್ತಿನದಾದರೆ 'ಮುಂದಿನ ಹಾರಾಟಕ್ಕೆ ಮೊದಲು' ಅಂತಲೇ ಇರುತ್ತೆ. ಮಾಡದಿದ್ದರೆ ಆ ವಿಮಾನ ಹಾರಲು ಯೋಗ್ಯ ಅಲ್ಲ, ಅಷ್ಟೇ.

ಇನ್ನೊಂದು ಕಾಗದ ಇದೆ, ಸರ್ವಿಸ್ ಬುಲೆಟಿನ್. ಅದು ವಿಮಾನ ತಯಾರಿಸಿದ ಕಂಪನಿ ಕಳಿಸುವುದು. "ಹೀಗೆ ಮಾಡಿದರೆ ಒಳ್ಳೆಯದು" ಅನ್ನುವ ಸಲಹೆ. ಸರ್ಕಾರ ಅದನ್ನು ಕಡ್ಡಾಯ ಮಾಡಿದಾಗ ಮಾತ್ರ ಏಡಿ ಆಗುತ್ತೆ. ಸಲಹೆಗೂ ಕಡ್ಡಾಯಕ್ಕೂ ನಡುವೆ ಎಷ್ಟು ಅಂತರ ಇದೆ ಅನ್ನೋದಕ್ಕೆ ಒಂದು ಹಳೆಯ ಕತೆ ಹೇಳ್ತೀನಿ. ನಾವು ವಲಸೆ ಬಂದು ದುಡಿಯುವವರು ಇದನ್ನು ತಿಳಿದಿರಲೇಬೇಕು.

1972ರ ಜೂನ್ 12. ಡಿಸಿ-10 ಅನ್ನುವ ಆಗಿನ ಹೊಸ ದೊಡ್ಡ ವಿಮಾನ. ಕೆನಡಾದ ವಿಂಡ್ಸರ್ ಊರಿನ ಮೇಲೆ ಹೋಗುವಾಗ ಅದರ ಹಿಂಬದಿಯ ಲಗೇಜ್ ಬಾಗಿಲು ಕಿತ್ತು ಹೋಯಿತು. ಕೆಳಗೆ ಲಗೇಜ್ ಜಾಗದ ಗಾಳಿ ಒಮ್ಮೆಲೇ ಹೊರಗೆ ಹೋದಾಗ ಮೇಲಿನ ನೆಲ ಕುಸಿಯಿತು. ಆ ನೆಲದ ಅಡಿಯಲ್ಲೇ ಪೈಲಟ್‌ನಿಂದ ಬಾಲದ ರೆಕ್ಕೆಗೆ ಹೋಗುವ ತಂತಿಗಳು. ಪೈಲಟ್ ಹೇಗೋ ಸಂಭಾಳಿಸಿ ಡೆಟ್ರಾಯಿಟ್‌ನಲ್ಲಿ ಇಳಿಸಿದರು. 67 ಜನರೂ ಉಳಿದರು. ಬಾಗಿಲು ಹಾಕಿದ ಕೆಲಸಗಾರ ಹಿಡಿಯನ್ನು ಕೂರಿಸೋಕೆ ಮೊಣಕಾಲು ಕೊಟ್ಟು ಒತ್ತಬೇಕಾಗಿತ್ತು. ಒಳಗೆ ಕೊಂಡಿ ಪೂರ್ತಿ ಸಿಕ್ಕಿಹಾಕಿಕೊಳ್ಳದೇ ಹೋದರೂ ಹೊರಗಿನ ಹಿಡಿ ಕೂತುಬಿಡುತ್ತಿತ್ತು. ದೋಷ ಬಾಗಿಲಿನ ವಿನ್ಯಾಸದಲ್ಲೇ ಇತ್ತು.

ಆಗ ಏಡಿ ಬರಬೇಕಾಗಿತ್ತು. ಬರಲಿಲ್ಲ. ಎಫ್‌ಎಎ ಮುಖ್ಯಸ್ಥ ಜಾನ್ ಶಾಫರ್ ಮತ್ತು ಕಂಪನಿಯ ದೊಡ್ಡವರ ನಡುವೆ ಫೋನಿನಲ್ಲೇ ಮಾತಾಯಿತು. ದೊಡ್ಡ ಮನುಷ್ಯರ ಮಾತು, ನಂಬಿಕೆಯ ಮೇಲೆ ಬಿಟ್ಟರು. ಕಂಪನಿ ಸರ್ವಿಸ್ ಬುಲೆಟಿನ್ ಕಳಿಸಿತು. ಬಾಗಿಲಿನ ಭಾಗ ಮಾಡಿಕೊಡುತ್ತಿದ್ದ ಇನ್ನೊಂದು ಕಂಪನಿಯ ಡಾನ್ ಆ್ಯಪಲ್‌ಗೇಟ್ ಅನ್ನುವ ಎಂಜಿನಿಯರ್ ಅದೇ ತಿಂಗಳು, ಈ ಬಾಗಿಲುಗಳು ಮುಂದೆ ತೆರೆದುಕೊಳ್ಳುವುದು ಖಂಡಿತ ಅಂತ ತಮ್ಮ ಮೇಲಿನವರಿಗೆ ಬರೆದರು. ಆ ಪತ್ರ ಅಲ್ಲೇ ಉಳಿಯಿತು.

ಎರಡು ವರ್ಷವೂ ಆಗಲಿಲ್ಲ. 1974ರ ಮಾರ್ಚ್ 3, ಪ್ಯಾರಿಸ್. ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ಓರ್ಲಿ ನಿಲ್ದಾಣದಿಂದ ಹೊರಟಿತು. ಅದೇ ಬಾಗಿಲು ಹೋಯಿತು, ನೆಲ ಕುಸಿಯಿತು, ತಂತಿಗಳು ತುಂಡಾದವು. ವಿಮಾನ ಎರ್ಮನೊನ್‌ವಿಲ್ ಕಾಡಿಗೆ ಬಿತ್ತು. 346 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಲ್ಲಿ ಬಾಗಿಲು ಹಾಕಿದವನು ಯಾರು ಗೊತ್ತಾ? ಅಲ್ಜೀರಿಯಾದಿಂದ ದುಡಿಯೋಕೆ ಬಂದ ಒಬ್ಬ ಲಗೇಜ್ ಲೋಡರ್. ನಮ್ಮ ಹಾಗೇ ಊರು ಬಿಟ್ಟು ಬಂದವನು. ಮೊದಲು ಎಲ್ಲರ ಬೆರಳು ಅವನ ಕಡೆಗೇ ಹೋಯಿತು. "ಅವನು ಸರಿಯಾಗಿ ಹಾಕಿಲ್ಲ" ಅಂದರು. ಕೊಂಡಿ ಕೂತಿದೆಯೋ ಇಲ್ಲವೋ ನೋಡೋಕೆ ಬಾಗಿಲಿನಲ್ಲಿ ಒಂದು ಚಿಕ್ಕ ಕಿಂಡಿ ಇತ್ತು. ಅದರ ಹತ್ತಿರ ಎಚ್ಚರಿಕೆಯ ಬರಹವೂ ಇತ್ತು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಟರ್ಕಿಶ್. ಆತ ಮೂರು ಭಾಷೆ ಓದಿ ಬರೆಯಬಲ್ಲವನು, ಆದರೆ ಇವೆರಡೂ ಅವನಿಗೆ ಬರುತ್ತಿರಲಿಲ್ಲ. ಹಿಡಿ ಸರಿಯಾಗಿ ಕೂತರೆ, ಪಕ್ಕದ ಗಾಳಿಯ ಮುಚ್ಚಳ ಮುಚ್ಚಿದರೆ ಬಾಗಿಲು ಭದ್ರ ಅಂತ ಅವನಿಗೆ ಹೇಳಿಕೊಟ್ಟಿದ್ದರು. ಅವನು ಅಷ್ಟನ್ನೂ ಮಾಡಿದ್ದ. ಕಿಂಡಿಯಲ್ಲಿ ನೋಡುವುದು ಅವನ ಕೆಲಸವೇ ಆಗಿರಲಿಲ್ಲ. ವಿಂಡ್ಸರ್ ವಿಮಾನಕ್ಕೆ ಮೊಣಕಾಲು ಬೇಕಾಗಿತ್ತು, ಇಲ್ಲಿ ಅದೂ ಬೇಕಾಗಲಿಲ್ಲ. ಹಿಡಿ ಸಲೀಸಾಗಿ ಕೂತಿತ್ತು.

ಯಾಕೆ ಅಷ್ಟು ಸಲೀಸು? ಬುಲೆಟಿನ್ ಪ್ರಕಾರ ಒಂದು ಲೋಹದ ಆಸರೆ ತಗಡು ಹಾಕಬೇಕಾಗಿತ್ತು. ಕೊಂಡಿ ಸರಿಯಾಗಿ ಬೀಳದಿದ್ದರೆ ಹಿಡಿ ಕೂರದ ಹಾಗೆ ಅದು ತಡೆಯುತ್ತಿತ್ತು. ಈ ವಿಮಾನದ ದಾಖಲೆಯಲ್ಲಿ ತಗಡು ಹಾಕಿದೆ ಅಂತ ಇತ್ತು. ಬಿದ್ದ ಬಾಗಿಲನ್ನು ಎತ್ತಿ ನೋಡಿದರೆ ತಗಡು ಇರಲೇ ಇಲ್ಲ. ಜೊತೆಗೆ ಲಾಕಿನ ಸಲಾಕೆಗಳ ಹೊಂದಾಣಿಕೆಯೂ ತಪ್ಪಿತ್ತು.

ಅಣ್ಣಂದಿರೇ, ಕಾಗದದಲ್ಲಿ ಕೆಲಸ ಆಗಿತ್ತು, ವಿಮಾನದಲ್ಲಿ ಆಗಿರಲಿಲ್ಲ. ಆ ಸುಳ್ಳಿನ ಭಾರ ಮೊದಲು ಬಿದ್ದದ್ದು ಯಾರ ಮೇಲೆ? ಎಲ್ಲರಿಗಿಂತ ಕೆಳಗೆ ನಿಂತು, ಕೈಯಿಂದ ಬಾಗಿಲು ಎಳೆದವನ ಮೇಲೆ. ಕಡ್ಡಾಯದ ಆದೇಶಗಳು, ಗಟ್ಟಿ ಲಾಕು, ನೆಲ ಕುಸಿಯದ ಹಾಗೆ ಮಾಡುವ ಬದಲಾವಣೆ, ಎಲ್ಲ ಬಂದದ್ದು ಅದಾದ ಮೇಲೆ.

ಆದೇಶ ಬಂದ ಮಾತ್ರಕ್ಕೂ ಎಲ್ಲ ಮುಗಿಯಲ್ಲ. 1987ರಲ್ಲಿ ಒಂದು ಬೋಯಿಂಗ್ 747ರ ಲಗೇಜ್ ಬಾಗಿಲು ಆಕಾಶದಲ್ಲಿ ಸ್ವಲ್ಪ ತೆರೆದುಕೊಂಡಿತ್ತು. 1988ರಲ್ಲಿ ಏಡಿ ಬಂತು, ಲಾಕಿಗೆ ಉಕ್ಕಿನ ಬಲ ಕೊಡಿ ಅಂತ. ಗಡುವು ಒಂದೂವರೆ ಎರಡು ವರ್ಷ. ಆ ಗಡುವು ಮುಗಿಯುವ ಮೊದಲೇ, 1989ರ ಫೆಬ್ರವರಿ 24ರಂದು, ಹೊನೊಲುಲು ಬಿಟ್ಟ ಯುನೈಟೆಡ್ ಏರ್‌ಲೈನ್ಸ್‌ನ 811ನೇ ವಿಮಾನದ ಬಾಗಿಲು ಹಾರಿಹೋಯಿತು. ಸೀಟಿನ ಸಮೇತ ಒಂಬತ್ತು ಜನ ಹೊರಗೆ ಹೋದರು. ಕಾನೂನಿನ ಲೆಕ್ಕದಲ್ಲಿ ಆ ವಿಮಾನ ತಡ ಮಾಡಿರಲಿಲ್ಲ. ಅಪಘಾತ ಆದ ಮೇಲೆ ಅದೇ ಕೆಲಸದ ಗಡುವು 30 ದಿನಕ್ಕೆ ಇಳಿಯಿತು. 30 ದಿನದಲ್ಲಿ ಆಗುವ ಕೆಲಸಕ್ಕೆ ಮೊದಲು ಎರಡು ವರ್ಷ ಯಾಕೆ ಕೊಟ್ಟರು ಅಂತ ನನ್ನನ್ನು ಕೇಳಬೇಡಿ. ವಿಮಾನ ನಿಂತರೆ ದುಡ್ಡು ನಿಲ್ಲುತ್ತೆ, ಅದು ನಿಮಗೂ ಗೊತ್ತು.

ಅಲ್ಲೂ ಮೊದಲ ವರದಿ, ನೆಲದ ಮೇಲೆ ಕೆಲಸ ಮಾಡುವಾಗ ಲಾಕಿಗೆ ಪೆಟ್ಟಾಗಿ ಬಾಗಿಲು ಸರಿಯಾಗಿ ಕೂತಿರಲಿಲ್ಲ ಅಂದಿತು. ಮಗನನ್ನು ಕಳೆದುಕೊಂಡ ನ್ಯೂಜಿಲೆಂಡಿನ ತಂದೆ ತಾಯಿ ಅದನ್ನು ಒಪ್ಪಲಿಲ್ಲ. ತಾವೇ ದಾಖಲೆ ಕಲೆಹಾಕಿದರು. 1990ರಲ್ಲಿ ಸಮುದ್ರದ ತಳದಿಂದ ಬಾಗಿಲನ್ನು ಎತ್ತಿದರು. 1992ರಲ್ಲಿ ತನಿಖೆಯವರೇ ಹೊಸ ವರದಿ ಬರೆದು, ವಿದ್ಯುತ್ತಿನ ಸ್ವಿಚ್ಚು ಅಥವಾ ವೈರಿಂಗ್ ದೋಷದಿಂದ ಬಾಗಿಲು ತಾನಾಗೇ ತೆರೆದುಕೊಳ್ಳೋಕೆ ಹೊರಟಿತ್ತು ಅಂತ ತಿದ್ದಿದರು.

ನಮ್ಮ ಕಾಲಕ್ಕೆ ಬರೋಣ. 2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ 260 ಜನ ಹೋದರು. ಅದರ ಪ್ರಾಥಮಿಕ ವರದಿಯಲ್ಲಿ ಒಂದು ವಿಷಯ ಇದೆ. ಇಂಧನದ ಸ್ವಿಚ್ಚಿನ ಲಾಕ್ ನೋಡಿ ಅಂತ ಎಫ್‌ಎಎ 2018ರಲ್ಲಿ ಒಂದು ಸೂಚನೆ ಕೊಟ್ಟಿತ್ತು. ಅದು ಏಡಿ ಅಲ್ಲ, ಬರೀ ಸಲಹೆ. ಕಡ್ಡಾಯ ಅಲ್ಲದ್ದರಿಂದ ಆ ತಪಾಸಣೆ ಮಾಡಿರಲಿಲ್ಲ ಅಂತ ವರದಿ ಹೇಳಿದೆ. ಅಪಘಾತಕ್ಕೆ ಅದೇ ಕಾರಣ ಅಂತ ವರದಿ ಹೇಳಿಲ್ಲ, ನಾನೂ ಹೇಳ್ತಾ ಇಲ್ಲ. ಆ ಭಾಗವನ್ನು ಆಮೇಲೆ ಬೇರೆ ಕಾರಣಕ್ಕೆ ಬದಲಾಯಿಸಿದ್ದರು ಅಂತಲೂ ಅದರಲ್ಲಿದೆ. ಆದರೆ ಮುಂದಿನ ತಿಂಗಳೇ ಡಿಜಿಸಿಎ ಆ ತಪಾಸಣೆಯನ್ನು ಕಡ್ಡಾಯ ಮಾಡಿತು.

ಇಲ್ಲಿ ಕೂತಿರುವ ಕರಾವಳಿಯವರಿಗೆ ವಿಮಾನದ ಮಾತು ಬಂದರೆ 2010ರ ಮೇ 22 ನೆನಪಾಗದೆ ಇರಲ್ಲ. ದುಬೈನಿಂದ ಮಂಗಳೂರಿಗೆ ಹೋದ ವಿಮಾನ, 158 ಜನ. ಅದು ಯಂತ್ರದ ದೋಷದ ಕತೆ ಅಲ್ಲ. ಇಳಿಯುವ ರೀತಿ ಸರಿಯಿರಲಿಲ್ಲ, ಮತ್ತೆ ಮೇಲಕ್ಕೆ ಹೋಗೋಣ ಅಂತ ಸಹಪೈಲಟ್ ಹೇಳಿದರೂ ನಿಲ್ಲಿಸಲಿಲ್ಲ ಅಂತ ತನಿಖೆ ಹೇಳಿತು. ಆದರೆ ಅಲ್ಲೂ ಒಂದು ಪಾಠ ಇದೆ. ಕೆಳಗಿನವನು "ಬೇಡ" ಅಂದಾಗ ಮೇಲಿನವನು ಕೇಳಿಸಿಕೊಳ್ಳಬೇಕು.

ಈಗ ನನ್ನ ಕೆಲಸಕ್ಕೆ ಬರ್ತೀನಿ. ನಮಗೆ ಒಂದೊಂದು ಕೆಲಸಕ್ಕೂ ಒಂದೊಂದು ಟಾಸ್ಕ್ ಕಾರ್ಡ್ ಕೊಡ್ತಾರೆ. ಹೆಜ್ಜೆ ಹೆಜ್ಜೆಗೂ ಸಹಿ. ಕೊನೆಗೆ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕಿದರೆ ವಿಮಾನ ಹೊರಗೆ. ಆ ಎಂಜಿನಿಯರ್ ಎಲ್ಲ ಬೋಲ್ಟನ್ನೂ ತಾನೇ ತಿರುಗಿಸಿರಲ್ಲ. ನಮ್ಮ ಸಹಿ ನಂಬಿ ಅವನು, ಅವನ ಸಹಿ ನಂಬಿ ಪೈಲಟ್, ಪೈಲಟ್ ನಂಬಿ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಂದಿರು.

ನಾನು ಹಿಂದೆ ಇದ್ದ ಒಂದು ಜಾಗದಲ್ಲಿ, ಹೆಸರು ಬೇಡ, ರಾತ್ರಿ ಶಿಫ್ಟಿನಲ್ಲಿ ಒಂದು ಘಟನೆ ನಡೆಯಿತು. ನನ್ನ ಜೊತೆ ಒಬ್ಬ ನೇಪಾಳದ ಹುಡುಗ. ಹಗಲಿನವರು ಮಾಡಿ ಮುಚ್ಚಿದ ಕೆಲಸಕ್ಕೆ ಒಂದು ಸಹಿ ಬಾಕಿ ಇತ್ತು. "ಆಗಿದೆ, ಹಾಕು" ಅಂದರು ಮೇಲಿನವರು. ಅವನು, "ಸಾರ್, ತೆಗೆದು ನೋಡಿ ಹಾಕ್ತೀನಿ" ಅಂದ. ಬೈದರು. ಅವನು ಎದುರು ಮಾತಾಡಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಕೊನೆಗೆ ತೆಗೆಸಿದರು. ಎರಡು ಗಂಟೆ ಹಿಡಿಯಿತು. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಎರಡು ವಾರ ಅವನಿಗೆ ಓವರ್‌ಟೈಮ್ ಕೊಡಲಿಲ್ಲ. ಅವನ ಮನೆಗೆ ಆ ತಿಂಗಳು ಕಡಿಮೆ ದುಡ್ಡು ಹೋಯಿತು. ಒಳಗೆ ಸರಿಯಾಗಿತ್ತಲ್ಲ, ಅವನು ಮಾಡಿದ್ದು ದಂಡ ಅಂತ ಕೆಲವರು ನಕ್ಕರು. ನನಗೆ ಹಾಗೆ ಅನ್ನಿಸಲಿಲ್ಲ. ನೋಡದೆ ಹಾಕಿದ ಸಹಿ, ಒಳಗೆ ಸರಿಯಿದ್ದರೂ ಸುಳ್ಳೇ. ಪ್ಯಾರಿಸ್‌ನ ಆ ತಗಡಿನ ಸಹಿ ಹಾಕಿದವರೂ ಒಳಗೆ ಸರಿಯಿದೆ ಅಂತಲೇ ಅಂದುಕೊಂಡಿರಬಹುದು.

ವಿಮಾನದ ಮಾತು ನಿಮಗೆ ಯಾಕೆ ಅಂತೀರಾ? ನಿಮ್ಮಲ್ಲಿ ಡ್ರೈವರ್‌ಗಳು ಎಷ್ಟು ಜನ ಇದ್ದೀರಿ, ಕೈ ಎತ್ತಿ. ನೋಡಿ, ಅರ್ಧ ಹಾಲ್! ಕಾರಿಗೂ ಇಂಥದ್ದೇ ಇದೆ, ರೀಕಾಲ್ ಅಂತಾರೆ. ಟಕಾಟಾ ಕಂಪನಿಯ ಏರ್‌ಬ್ಯಾಗ್ ವಿಷಯ ಕೇಳಿರಬಹುದು. ಬಿಸಿ ಮತ್ತು ತೇವದ ಹವೆಯಲ್ಲಿ ವರ್ಷಗಟ್ಟಲೆ ಇದ್ದರೆ ಅದರೊಳಗಿನ ರಾಸಾಯನಿಕ ಕೆಡುತ್ತೆ, ಆಮೇಲೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಲೋಹದ ಚೂರು ಮುಖಕ್ಕೇ ಸಿಡಿಯುತ್ತೆ. ಜಗತ್ತಿನಲ್ಲಿ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆದರು. ಬಿಸಿ ಮತ್ತು ತೇವ ಅಂದರೆ ನಮ್ಮ ಆಗಸ್ಟ್ ತಿಂಗಳೇ ತಾನೆ? ಹಳೆಯ ಗಾಡಿ ಓಡಿಸುವವರು ಚಾಸಿಸ್ ನಂಬರ್ ಕೊಟ್ಟು ಡೀಲರ್ ಹತ್ತಿರ ಒಮ್ಮೆ ಕೇಳಿ. ರೀಕಾಲ್ ಇದ್ದರೆ ಆ ಭಾಗಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಸೈಟಿನಲ್ಲಿ ಇರುವವರಿಗೆ ಸ್ಕ್ಯಾಫೋಲ್ಡಿಂಗ್ ಟ್ಯಾಗ್ ಗೊತ್ತು. ಹಸಿರು ಇದ್ದರೆ ಹತ್ತಬಹುದು, ಕೆಂಪು ಇದ್ದರೆ ಇಲ್ಲ. ಹಸಿರು ಟ್ಯಾಗ್ ತೂಗುಹಾಕಿದ್ದಾರೆ ಸರಿ, ಅದರ ಮೇಲಿನ ತಾರೀಖು ಯಾವತ್ತಿನದು? ಬೆಳಿಗ್ಗೆ ಟೂಲ್‌ಬಾಕ್ಸ್ ಟಾಕ್ ಮಾಡ್ತಾರೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಐದು ನಿಮಿಷ ಹೇಳಿ, ಹಾಳೆ ಕೈಗೆ ಕೊಡ್ತಾರೆ, ನಾವು ಸಹಿ ಹಾಕಿ ಮುಂದಿನವನಿಗೆ ಕೊಡ್ತೀವಿ. ರಾಯಚೂರಿನಿಂದ, ಕಲಬುರಗಿಯಿಂದ ಮೊನ್ನೆ ಬಂದ ಹುಡುಗನಿಗೆ ಅದರಲ್ಲಿ ಎಷ್ಟು ಅರ್ಥ ಆಯಿತು? ಏನಾದರೂ ಆದರೆ ಮೊದಲು ಹೊರಬರುವುದು ಅದೇ ಹಾಳೆ. "ಇವನಿಗೆ ಹೇಳಿದ್ದೆವು, ಸಹಿ ಇದೆ ನೋಡಿ" ಅಂತಾರೆ. ಓರ್ಲಿಯ ಆ ಲೋಡರ್ ಸಹ ಇಂಥ ಜಾಗದಲ್ಲೇ ನಿಂತಿದ್ದ. ಅವನ ಪುಣ್ಯ, ತನಿಖೆ ಸರಿಯಾಗಿ ನಡೆಯಿತು.

ಅದಕ್ಕೇ ವೇದಿಕೆಗೆ ನನ್ನದೊಂದು ಕೋರಿಕೆ. ರಾಜ್ಯೋತ್ಸವ ಮಾಡ್ತೀವಿ, ಕ್ರಿಕೆಟ್ ಮಾಡ್ತೀವಿ, ಬಹಳ ಸಂತೋಷ. ಜೊತೆಗೆ ಇದೊಂದು ಮಾಡೋಣ. ನಿಮ್ಮ ಕೆಲಸದ ಜಾಗದ ಸುರಕ್ಷತಾ ಸೂಚನೆ ಅರ್ಥ ಆಗದಿದ್ದರೆ ನಮ್ಮಲ್ಲಿ ಗೊತ್ತಿರುವವರನ್ನು ಕೇಳಿ. ಇಂಗ್ಲಿಷ್, ಅರಬಿ, ಹಿಂದಿ ಬಲ್ಲವರು ಇಲ್ಲೇ ಎಷ್ಟೋ ಜನ ಇದ್ದೀರಿ. ಎರಡು ನಿಮಿಷದ ವಾಯ್ಸ್ ಮೆಸೇಜ್, ನಮ್ಮ ಕನ್ನಡದಲ್ಲಿ, ಅವರವರ ಊರಿನ ಕನ್ನಡದಲ್ಲೇ ಇರಲಿ. ಕ್ರೇನ್ ಕೆಲಸದವರು ಕ್ರೇನಿನದು, ಎಲೆಕ್ಟ್ರಿಷಿಯನ್ ಕರೆಂಟಿನದು, ನರ್ಸ್ ಅಕ್ಕಂದಿರು ಬಿಸಿಲ ಬೇಗೆಯದು ಹೇಳಲಿ. ವಿಮಾನದ್ದು ಬೇಕಾದರೆ ನಾನಿದ್ದೀನಿ.

ಇನ್ನೊಂದು ಮಾತು. ಸಹಿ ಹಾಕಲ್ಲ ಅಂದದ್ದಕ್ಕೆ ಯಾರಿಗಾದರೂ ಓವರ್‌ಟೈಮ್ ತಪ್ಪಿದರೆ ಅವನನ್ನು ನೋಡಿ ನಗಬೇಡಿ. ಆ ತಿಂಗಳು ಅವನ ಊಟದ ಖರ್ಚು ನಾವು ನಾಲ್ಕು ಜನ ಹಂಚಿಕೊಳ್ಳೋಣ. ಅಷ್ಟು ಬಲ ನಮಗಿದೆ.

ವಿಮಾನ ಎಷ್ಟು ಗಟ್ಟಿ ಅಂತ ಕೇಳ್ತಾರಲ್ಲ, ಅವರಿಗೆ ನಾನು ಹೇಳುವುದು ಇಷ್ಟೇ. ಬಹಳ ಗಟ್ಟಿ, ಧೈರ್ಯವಾಗಿ ಹತ್ತಿ. ಒಂದೊಂದು ದೋಷವನ್ನೂ ಹೆಸರಿಟ್ಟು ಬರೆದು, ಗಡುವು ಹಾಕಿ, ಸರಿಮಾಡಿಸುವ ಪದ್ಧತಿ ಇದೆ. ಆ ಪದ್ಧತಿಯ ಕೊನೆಯ ಕೊಂಡಿ ಮಾತ್ರ ಕಾಗದ ಅಲ್ಲ, ಒಬ್ಬ ಮನುಷ್ಯನ ಕೈ. ಅದು ನಿಮ್ಮಂಥ, ನನ್ನಂಥವರ ಕೈ.