ಬಾಟಲಿಯ ಹೊರಗಿನ ನೀರು

2016ರ ಏಪ್ರಿಲ್. ಮೀರಜ್‌ನಿಂದ ಹೊರಟ ನೀರಿನ ರೈಲು ಲಾತೂರಿಗೆ ಬಂದು ನಿಂತದ್ದು ನಿಮಗೆ ನೆನಪಿರಬಹುದು. ಮೊದಲ ಸಲ 10 ವ್ಯಾಗನ್, 5 ಲಕ್ಷ ಲೀಟರ್. ಅದಕ್ಕೂ ಮುಂಚೆ ಆ ಊರಿನ ನೀರಿನ ಟ್ಯಾಂಕುಗಳ ಸುತ್ತ 144ನೇ ಸೆಕ್ಷನ್ ಹಾಕಿದ್ದರು. ಕೊಡ ಹಿಡಿದ ಜನ ಹೊಡೆದಾಡಬಾರದು ಅಂತ!

ಅದೇ ಮರಾಠವಾಡಾದ ಔರಂಗಾಬಾದಿನಲ್ಲಿ ಬಿಯರ್ ಫ್ಯಾಕ್ಟರಿಗಳು ನಡೀತಾ ಇದ್ದವು. ಕೊನೆಗೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಮದ್ಯದ ಕಾರ್ಖಾನೆಗಳ ನೀರಿಗೆ 60 ಪರ್ಸೆಂಟ್ ಕತ್ತರಿ ಹಾಕಿತು.

'ಬಿಯರಿಗೆ ನೀರು, ಜನಕ್ಕೆ ಕಣ್ಣೀರು' ಅಂತ ನಾನೂ ಆಗ ಇಲ್ಲೇ ಕೂತು ಕೂಗಿದ್ದೆ. ಪ್ರಾಸ ಚೆನ್ನಾಗಿತ್ತು, ವಿಷಯ ಅಷ್ಟು ಸಲೀಸಾಗಿರಲಿಲ್ಲ. ಔರಂಗಾಬಾದಿನ ನೀರು ಜಾಯಕವಾಡಿ ಡ್ಯಾಮಿನದ್ದು, ಲಾತೂರಿನದ್ದು ಮಾಂಜರಾದು. ಅಲ್ಲಿ ಬಿಯರ್ ನಿಲ್ಲಿಸಿದ್ರೆ ಇಲ್ಲಿ ನಲ್ಲಿ ಬರಲ್ಲ. ಆದ್ರೆ ಜಾಯಕವಾಡಿಯೂ ತಳ ಕಂಡಿತ್ತು, ಔರಂಗಾಬಾದಿನ ಸುತ್ತಲ ಹಳ್ಳಿಗಳೂ ಟ್ಯಾಂಕರ್ ಕಾಯ್ತಿದ್ದವು. ಕೋರ್ಟ್ ನೋಡಿದ್ದು ಅದನ್ನ.

ಲೆಕ್ಕ ನೋಡಿ. ಚೆನ್ನಾಗಿ ನಡೆಯೋ ಫ್ಯಾಕ್ಟರಿಗೆ ಒಂದು ಲೀಟರ್ ಬಿಯರಿಗೆ ಮೂರು-ನಾಲ್ಕು ಲೀಟರ್ ನೀರು ಬೇಕು. ಹಳೇ ಫ್ಯಾಕ್ಟರಿಗೆ ಆರು-ಏಳು. ಬಾಟಲಿಯೊಳಗೆ ಹೋಗೋದು ಒಂದೇ ಲೀಟರ್. ಮಿಕ್ಕಿದ್ದು ವಾಪಸ್ ಬಂದ ಬಾಟಲಿ ತೊಳೆಯೋಕೆ, ಟ್ಯಾಂಕು-ಪೈಪು ತೊಳೆಯೋಕೆ, ಬಾಯ್ಲರಿಗೆ, ಕೂಲಿಂಗ್ ಟವರಿಗೆ. ಉಳಿತಾಯ ಆಗಬೇಕಾದ್ದೂ ಇಲ್ಲೇ. ಕೊನೇ ಸಲ ತೊಳೆದ ನೀರಲ್ಲೇ ಮುಂದಿನ ಬಾಟಲಿಗಳನ್ನ ಮೊದಲ ಸಲ ತೊಳೀಬಹುದು. ಶುದ್ಧೀಕರಿಸಿದ ಕೊಳಚೆ ನೀರನ್ನ ಕೂಲಿಂಗ್ ಟವರಿಗೆ ಬಿಡಬಹುದು. ಹೀಗೆ ಮಾಡೋರೂ ಇದ್ದಾರೆ, ಇಲ್ಲ ಅನ್ನಲ್ಲ. ಇನ್ನು ಬಾರ್ಲಿ ಬೆಳೆಯೋಕೆ ಹೋಗೋ ನೀರು ಇದಕ್ಕಿಂತ ಎಷ್ಟೋ ಪಟ್ಟು. ಅದನ್ನ ಬೆಳೆಯೋದು ಎಲ್ಲಿ? ಹೆಚ್ಚಾಗಿ ರಾಜಸ್ಥಾನದಲ್ಲಿ, ಸ್ವಾಮಿ!

ಲೀಟರಿಗೆ ನಾಲ್ಕರಂತೆ ಹಿಡಿದರೂ, ಆ ಮೊದಲ ರೈಲಿನ ನೀರು 16,000 ಕೇಸ್ ಬಿಯರಿಗೆ ಮುಗಿದುಹೋಗುತ್ತೆ.

ಕುಡಿಯೋರನ್ನ ಬೈಯೋಕೆ ನಾನು ಕೂತಿಲ್ಲ. ಅದಕ್ಕೆ ಮನೇಲಿ ಬೇರೆಯವರಿದ್ದಾರೆ. ನನ್ನ ತಕರಾರು ಕಾಲದ್ದು. ಬಿಯರ್ ಭರ್ಜರಿ ಓಡೋದು ಬೇಸಿಗೇಲಿ, ಬೋರ್‌ವೆಲ್ ಬತ್ತೋದೂ ಬೇಸಿಗೇಲಿ. ವರ್ಷದ ಸರಾಸರಿ ತೋರಿಸಿದ್ರೆ ಮೇ ತಿಂಗಳು ಕಾಣಲ್ಲ. 2024ರ ಮಾರ್ಚಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂದಿತು. ಸರಿ, ಒಪ್ಪಿದ್ವಿ. ಹಾಗಾದ್ರೆ ಪ್ರತಿ ಬಿಯರ್ ಫ್ಯಾಕ್ಟರಿ ಗೇಟಿಗೂ ಒಂದು ಬೋರ್ಡ್ ಹಾಕಿ, ಪೆಟ್ರೋಲ್ ಬಂಕಲ್ಲಿ ರೇಟ್ ಹಾಕೋ ಹಾಗೆ: ಈ ತಿಂಗಳು ಎಷ್ಟು ನೀರು, ಎಲ್ಲಿಂದ, ಎಷ್ಟು ಬಿಯರ್. ಪಕ್ಕದ ಹಳ್ಳಿಯ ಹೆಣ್ಮಗಳು ಕೊಡ ಇಳಿಸಿ ಓದಲಿ.